ಹನ್ನೆರಡು ಹೆಸರುಗಳ ಪಟ್ಟಿ

2022ರ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಕೋಲಾರ ಜಿಲ್ಲೆಯ ನಮ್ಮ ಊರಿನ ಪುರಸಭೆ ಕಚೇರಿಯಲ್ಲಿ, 31 ಅರ್ಜಿಗಳಿದ್ದ ಒಂದು ಕಡತವನ್ನು ನನ್ನ ಮುಂದೆ ತಂದಿಟ್ಟರು. ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಕೆಲಸ ಮಾಡಲು ಮನಸ್ಸಿದ್ದ ಊರಿನವರು, ಅದಕ್ಕೆ ಸಂಬಳವಿಲ್ಲವೆಂದು ತಿಳಿದೂ ಬರೆದುಕೊಟ್ಟ ಅರ್ಜಿಗಳು ಅವು. ಅವರಲ್ಲಿ ಹನ್ನೆರಡು ಮಂದಿಯನ್ನು ಸಂದರ್ಶನಕ್ಕೆ ಕರೆಯಬೇಕಿತ್ತು. ಸಂದರ್ಶನದ ಬಳಿಕ ಆರು ಮಂದಿಯನ್ನು ಪುರಸಭೆಯ ಸಭೆ ನಾಮನಿರ್ದೇಶನ ಮಾಡುವುದಿತ್ತು. ಕರೆಯಬೇಕಾದವರ ಪಟ್ಟಿ ಮಾಡಲು ಮೂವರನ್ನು ಕೂರಿಸಿದ್ದರು: ಸಸ್ಯಶಾಸ್ತ್ರದ ಉಪನ್ಯಾಸಕನಾಗಿ ನಿವೃತ್ತನಾದ ನಾನು, ಪುರಸಭಾ ಸದಸ್ಯೆಯೊಬ್ಬರು, ಮತ್ತು ಪುರಸಭೆಯ ಪರಿಸರ ಎಂಜಿನಿಯರ್.

ಇದು ಪುರಸಭೆ ತನ್ನಿಷ್ಟಕ್ಕೆ ಕಟ್ಟಿಕೊಂಡ ಸಮಿತಿಯಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿಯನ್ನು ರಚಿಸಬೇಕು. ಆಗ ಜಾರಿಯಲ್ಲಿದ್ದ 2004ರ ನಿಯಮಗಳಂತೆ, ಅಧ್ಯಕ್ಷರ ಜೊತೆಗೆ ಆರಕ್ಕೆ ಮೀರದಷ್ಟು ಸದಸ್ಯರಿರಬೇಕು, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ. 18ಕ್ಕೆ ಕಡಿಮೆಯಿರಬಾರದು. ಆರರಲ್ಲಿ ಒಬ್ಬರೆಂದರೆ ಶೇ. 16.67 ಮಾತ್ರ ಆಗುವುದರಿಂದ ಇಬ್ಬರು ಇರಲೇಬೇಕೆಂಬುದನ್ನು ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದರು. ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು. ಅಂದರೆ ಊರಿನ ಗಿಡಮರ, ಹುಲ್ಲು, ಮೀನು, ಹಕ್ಕಿ, ನಾಟಿ ತಳಿ, ನಾಟಿ ಔಷಧ, ಇವೆಲ್ಲದರ ಬಗ್ಗೆ ಊರಿನ ಜನಕ್ಕೆ ತಿಳಿದಿರುವುದನ್ನು ಅವರನ್ನೇ ಕೇಳಿ ಬರೆದಿಡುವುದು. ಹಿಂದೆ, 2020ರ ಜನವರಿ 31ರೊಳಗೆ ಎಲ್ಲೆಡೆ ಸಮಿತಿ ಮತ್ತು ದಾಖಲಾತಿ ಮುಗಿಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿದ್ದಾಗ, ನಮ್ಮಲ್ಲಿ ಅವಸರದಲ್ಲಿ ಒಂದು ಸಮಿತಿ ಆಗಿತ್ತು. ಅದು ಹೆಚ್ಚು ಕೆಲಸ ಮಾಡಿರಲಿಲ್ಲ. ಈ ಸಲ ಪ್ರಕಟಣೆ ಹೊರಡಿಸಿ, ಅರ್ಜಿ ಕರೆದು, ತಕ್ಕವರನ್ನು ಆರಿಸೋಣವೆಂದು ಮುಖ್ಯಾಧಿಕಾರಿಗಳು ಮನಸ್ಸು ಮಾಡಿದ್ದರು. ಅದು ಒಳ್ಳೆಯ ಮನಸ್ಸು ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ನನಗೆ ಈ ಕೆಲಸದ ಬಗ್ಗೆ ಮೊದಲೇ ಒಂದು ಕಲ್ಪನೆಯಿತ್ತು. 2017ರಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಅಲ್ಲಿನ ಒಂದು ಸಣ್ಣ ಊರಿನ ನಗರ ಪರಿಷತ್ತಿನ ಸಭೆಗೆ ಕುತೂಹಲದಿಂದ ಹೋಗಿ ಕುಳಿತಿದ್ದೆ. ಗ್ರಂಥಾಲಯ ಮಂಡಳಿಯ ಖಾಲಿ ಸ್ಥಾನಗಳಿಗೆ ಅರ್ಜಿ ಹಾಕಿದ ಊರಿನವರಲ್ಲಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕೆಂಬುದು ಅಂದಿನ ವಿಷಯವಾಗಿತ್ತು. ಐವರು ಸದಸ್ಯರೂ ತಮ್ಮ ಆಯ್ಕೆಯ ಹೆಸರುಗಳನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಪರಿಷತ್ತಿನ ಗುಮಾಸ್ತೆ ಎದ್ದು ನಿಂತು, ಯಾರು ಯಾರನ್ನು ಸೂಚಿಸಿದ್ದಾರೆಂದು ಒಂದೊಂದಾಗಿ ಎಲ್ಲರಿಗೂ ಕೇಳುವಂತೆ ಓದಿದರು. ಮೂರು ಮತ ಬಿದ್ದವರಿಗೆ ಕರೆ ಹೋಯಿತು. ಆ ರಾಜ್ಯದಲ್ಲಿ 1953ರಿಂದ ಇರುವ ಬ್ರೌನ್ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳು ಗುಟ್ಟಾಗಿ ಮತ ಹಾಕುವಂತಿಲ್ಲ. ಮರುವರ್ಷ ಯಾವ ಯಾವ ಸ್ಥಾನಗಳ ಅವಧಿ ಮುಗಿಯುತ್ತದೆಂಬ ಪಟ್ಟಿಯನ್ನು ಡಿಸೆಂಬರ್ 31ರೊಳಗೆ ಸಿದ್ಧಪಡಿಸಬೇಕು, ನಡುವೆ ಸ್ಥಾನ ಖಾಲಿಯಾದರೆ ಪ್ರಕಟಣೆ ಅಂಟಿಸಿ ಕನಿಷ್ಠ 10 ಕೆಲಸದ ದಿನಗಳಾದರೂ ಕಾಯಬೇಕು ಎಂಬ ಮತ್ತೊಂದು ಕಾನೂನೂ ಅಲ್ಲಿದೆ. ಸಂಬಳವಿಲ್ಲದ ಸ್ಥಾನವೊಂದಕ್ಕೆ ಇಷ್ಟೊಂದು ಗೌರವ ಸಲ್ಲುವುದನ್ನು ಕಂಡು ನನ್ನ ಮನಸ್ಸು ತುಂಬಿತ್ತು. ನಮ್ಮೂರಿನಲ್ಲೂ ಅಳತೆಗೋಲು ಮೊದಲೇ ನಿಶ್ಚಯವಾಗಬೇಕು, ಕಾರಣ ಬರಹದಲ್ಲಿರಬೇಕು ಎಂದು ಹೇಳಲು ನನಗೆ ಧೈರ್ಯ ಬಂದದ್ದು ಆ ಸಭೆಯಿಂದ.

ಹಾಗಾಗಿ ನಾನು ಮನೆಯಿಂದಲೇ ಒಂದು ಅಂಕಪಟ್ಟಿಯನ್ನು ತಯಾರಿಸಿಕೊಂಡು ಹೋಗಿದ್ದೆ. ವಿದ್ಯಾರ್ಹತೆಗೆ 5, ಅನುಭವಕ್ಕೆ 5, ಸಂಘಸಂಸ್ಥೆಗಳ ಸದಸ್ಯತ್ವಕ್ಕೆ 5, ಅರ್ಜಿಯಲ್ಲಿನ ವಿವರಣೆಗೆ 5, ಒಟ್ಟು 20 ಅಂಕ. ಉಳಿದಿಬ್ಬರೂ ಒಪ್ಪಿದರು. ಅರ್ಜಿಗಳ ಜೊತೆಗೆ ಲಗತ್ತಿಸಿದ್ದ ಶಿಫಾರಸು ಪತ್ರಗಳನ್ನು ಓದದೆ ಬೇರೆ ಲಕೋಟೆಗೆ ಹಾಕಿಸಿದೆವು. ಅರ್ಜಿದಾರರಲ್ಲಿ ಒಬ್ಬರು ನನ್ನ ಹಳೆಯ ವಿದ್ಯಾರ್ಥಿಯಾಗಿದ್ದರಿಂದ ಅವರ ಅರ್ಜಿಗೆ ನಾನು ಅಂಕ ಕೊಡಲಿಲ್ಲ. ರಾಜಕಾಲುವೆಯ ಪಕ್ಕದಲ್ಲಿ ಬಡಾವಣೆ ಮಾಡಲು ಅನುಮೋದನೆ ಕೇಳಿದ್ದ ಒಬ್ಬರ ಅರ್ಜಿಯೂ ಇತ್ತು. ಆ ಸಂಗತಿಯನ್ನು ಎಂಜಿನಿಯರ್ ಹಾಳೆಯ ಅಂಚಿನಲ್ಲಿ ಬರೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೆರಡು ಹೆಸರುಗಳು ಸಿದ್ಧವಾಗಿದ್ದವು. ಒಬ್ಬರನ್ನು ಬಿಟ್ಟು ಎಲ್ಲರೂ ಪದವೀಧರರು.

ಊಟ ಮುಗಿಸಿ ಬಂದಾಗ, ಸದಸ್ಯೆಯವರು ಬಿಟ್ಟುಹೋದವರ ಕಟ್ಟಿನಿಂದ ಒಂದು ಹಾಳೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದು ಎಪ್ಪತ್ತು ದಾಟಿದ ಒಬ್ಬ ಯಜಮಾನರ ಅರ್ಜಿ. ವಿದ್ಯಾರ್ಹತೆ ಎಂದಿದ್ದ ಕಡೆ ‘ಇಲ್ಲ’ ಎಂದೂ, ಅನುಭವ ಎಂದಿದ್ದ ಕಡೆ ‘ಕೆರೆ ತೂಬು ನೋಡಿಕೊಳ್ಳುತ್ತಿದ್ದೆ’ ಎಂದೂ, ಮನೆಯ ಹುಡುಗರು ಯಾರೋ ಬರೆದುಕೊಟ್ಟ ದುಂಡನೆಯ ಅಕ್ಷರಗಳಿದ್ದವು. ಅದಕ್ಕೆ 20ರಲ್ಲಿ 3 ಅಂಕ ಕೊಟ್ಟವನು ನಾನೇ.

“ಸಾರ್, ಹೋದ ನವೆಂಬರ್ ಮಳೇಲಿ ಕೋಡಿ ಬಿದ್ದು ನಮ್ಮ ವಾರ್ಡಿಗೆ ನೀರು ನುಗ್ಗಿದಾಗ, ಹಳೇ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ತೋರಿಸಿದ್ದು ಈ ತಾತ. ಇವರು ನೀರುಗಂಟಿ ಮನೆಯವರು” ಎಂದರು ಅವರು.

ನೀರುಗಂಟಿ ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಆದರೆ ಬೇರೆ ಕಡೆಯ ಓದುಗರಿಗೆ ಹೇಳಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಬೇಸಾಯ ಉಳಿದದ್ದು ಕೆರೆಗಳಿಂದ. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ ಎಂಬುದನ್ನು ನೋಡಿಕೊಳ್ಳುತ್ತಿದ್ದವರು ನೀರುಗಂಟಿಗಳು, ಮತ್ತು ಅವರಲ್ಲಿ ಬಹಳ ಮಂದಿ ದಲಿತರು. ಸಸ್ಯಶಾಸ್ತ್ರವನ್ನು ಅಷ್ಟು ವರ್ಷ ಪಾಠ ಮಾಡಿದ ನಾನು, ಕೆರೆಯಂಗಳದ ಹುಲ್ಲುಗಳ ಹೆಸರನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮೊದಲು ಇಂಥವರಿಂದಲೇ ಕೇಳಿ ತಿಳಿದುಕೊಂಡಿದ್ದೆ. ಹಾಗಿದ್ದೂ ನನ್ನ ಅಂಕಪಟ್ಟಿಯ ನಾಲ್ಕು ಕಲಂಗಳಲ್ಲಿ ಮೂರು, ಕಾಗದದೊಂದಿಗೆ ಒಡನಾಟವಿದ್ದವರಿಗೆ ಮಾತ್ರ ಅಂಕ ಕೊಡುವಂತಿದ್ದವು. ಯಾರಿಂದ ಕೇಳಿ ಬರೆಯಬೇಕೆಂದು ನಿಯಮ ಹೇಳುತ್ತದೆಯೋ ಅವರನ್ನೇ ನಾನು ಬಾಗಿಲಿನಲ್ಲಿ ತಡೆದಿದ್ದೆ.

ನಾನು ಒಡನೆಯೇ ಆ ಹೆಸರನ್ನು ಸೇರಿಸೋಣ ಎಂದೆ. ಎಂಜಿನಿಯರ್ ಒಪ್ಪಲಿಲ್ಲ. ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ, ಮೃದುವಾಗಿ ಮಾತನಾಡುವವರು. “ಮೇಡಂಗೆ ಪರಿಚಯ ಇದ್ದದ್ದಕ್ಕೆ ಈ ಯಜಮಾನರ ಬಗ್ಗೆ ಗೊತ್ತಾಯಿತು ಸಾರ್. ಇದೇ ಕಟ್ಟಿನಲ್ಲಿ ನಮಗೆ ಯಾರಿಗೂ ಪರಿಚಯ ಇಲ್ಲದವರು ಇದ್ದರೆ ಅವರ ಪರವಾಗಿ ಯಾರು ಹೇಳುತ್ತಾರೆ?” ಎಂದು ಕೇಳಿದರು. ಆ ದಿನ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ನ್ಯಾಯವಾದದ್ದು ಅದು. ಬೆಳಿಗ್ಗೆ ಶಿಫಾರಸು ಪತ್ರಗಳನ್ನು ಲಕೋಟೆಗೆ ಹಾಕಿದ್ದ ನಾವು, ಮಧ್ಯಾಹ್ನ ಬಾಯಿಮಾತಿನ ಶಿಫಾರಸಿಗೆ ತಲೆಬಾಗುವವರಿದ್ದೆವು. ಅದು ಒಳ್ಳೆಯ ವ್ಯಕ್ತಿಯ ಪರವಾಗಿತ್ತೆಂಬ ಕಾರಣಕ್ಕೆ ಅದರ ಸ್ವರೂಪ ಬದಲಾಗುತ್ತಿರಲಿಲ್ಲ.

ಅಂಕಪಟ್ಟಿಯನ್ನು ಬದಿಗಿಟ್ಟೆವು. 31 ಮಂದಿಗೂ ಕಚೇರಿಯಿಂದ ದೂರವಾಣಿ ಕರೆ ಮಾಡಿ, ಎಲ್ಲರಿಗೂ ಅದೇ ಮೂರು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದೆಂದು ತೀರ್ಮಾನವಾಯಿತು. ಈ ಊರಿನ ಯಾವ ಜಾಗ, ಯಾವ ಜೀವಿಗಳ ಬಗ್ಗೆ ನಿಮಗೆ ಚೆನ್ನಾಗಿ ಗೊತ್ತು, ಅದು ಹೇಗೆ ಗೊತ್ತಾಯಿತು? ದಾಖಲಾತಿಗಾಗಿ ಯಾರ ಯಾರ ಬಳಿ ಹೋಗಿ ಕೇಳುತ್ತೀರಿ? ಸಮಿತಿಯ ತೀರ್ಮಾನದಿಂದ ನಿಮಗಾಗಲಿ ಮನೆಯವರಿಗಾಗಲಿ ಲಾಭನಷ್ಟ ಆಗುವಂಥದ್ದೇನಾದರೂ ಇದೆಯೇ? ಉತ್ತರಗಳನ್ನು ಹೇಳಿದಂತೆಯೇ ಬರೆದುಕೊಂಡು, ಹೆಸರಿನ ಬದಲು ಸಂಖ್ಯೆ ಹಾಕಿ ಓದುವುದು. ಇದಕ್ಕೆ ಎರಡು ದಿನ ಹಿಡಿಯಿತು. 29 ಮಂದಿ ಸಿಕ್ಕರು, ಇಬ್ಬರ ಸಂಖ್ಯೆಗೆ ಎಷ್ಟು ಸಲ ಮಾಡಿದರೂ ಕರೆ ಹೋಗಲಿಲ್ಲ.

ಹೊಸ ಪಟ್ಟಿಯಲ್ಲಿ ಐದು ಹೆಸರುಗಳು ಬದಲಾಗಿದ್ದವು. ಕಾಗದದ ಮೇಲೆ ಮೊದಲ ಸ್ಥಾನದಲ್ಲಿದ್ದ ಒಬ್ಬರು, ಎರಡನೆಯ ಪ್ರಶ್ನೆಗೆ ‘ಇಂಟರ್‌ನೆಟ್‌ನಲ್ಲಿ ಎಲ್ಲವೂ ಸಿಗುತ್ತದೆ’ ಎಂದು ಉತ್ತರಿಸಿದ್ದರು. ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ತಾಯಿ, ಬೆರಕೆ ಸೊಪ್ಪಿಗೆ ಯಾವ ಯಾವ ಹೊಲದ ಬದುವಿನಿಂದ ಏನೇನು ಕೀಳುತ್ತೇನೆಂದು ಹದಿನಾಲ್ಕು ಸೊಪ್ಪುಗಳನ್ನು ಹೆಸರಿಸಿದ್ದರು; ನಮ್ಮ ಮೂವರಲ್ಲಿ ಯಾರಿಗೂ ಅವರ ಪರಿಚಯವಿರಲಿಲ್ಲ. ಬಡಾವಣೆಯವರು ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂದಿದ್ದರಿಂದ ಅವರನ್ನು ಕರೆಯಲಿಲ್ಲ. ‘ಇದೆ’ ಎಂದಿದ್ದರೆ ಕರೆದು ಕೇಳುತ್ತಿದ್ದೆವು.

ಸಂದರ್ಶನದ ದಿನ ನೀರುಗಂಟಿ ಯಜಮಾನರು ಬಿಳಿ ಪಂಚೆ ಉಟ್ಟು, ಮೊಮ್ಮಗನೊಂದಿಗೆ ಬಂದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಷ್ಟೆ. ಅದರಿಂದ ಏನು ಬದಲಾಗಿದೆ ಎಂದು ಕೇಳಿದೆವು. ಕೆರೆ ಈಗ ಬೇಸಿಗೆಯಲ್ಲೂ ಒಣಗುವುದಿಲ್ಲ, ಬಾವಿಗಳಲ್ಲಿ ನೀರು ಬಂದಿದೆ, ಅದು ಒಳ್ಳೆಯದೇ ಎಂದರು. ಆದರೆ ಕೆರೆ ಒಣಗದಿದ್ದರೆ ಅಂಗಳದಲ್ಲಿ ಹುಲ್ಲು ಏಳುವುದಿಲ್ಲ, ಕುರಿಗಳಿಗೆ ಚೈತ್ರ ವೈಶಾಖದಲ್ಲಿ ಮೇವಿಲ್ಲ, ಅಂಚಿನಲ್ಲಿ ಜೊಂಡು ಹಬ್ಬಿದೆ, ಮೊದಲು ಸಿಗುತ್ತಿದ್ದ ಸಣ್ಣ ಮೀನುಗಳು ಕಾಣುತ್ತಿಲ್ಲ ಎಂದು ಒಂದೊಂದಾಗಿ ಬೆರಳು ಮಡಿಸುತ್ತ ಹೇಳಿದರು. ಅವರನ್ನೂ ಸೊಪ್ಪಿನ ತಾಯಿಯನ್ನೂ ಪುರಸಭೆ ಆರು ಮಂದಿಯಲ್ಲಿ ಸೇರಿಸಿತು. ನನ್ನ ಹಳೆಯ ವಿದ್ಯಾರ್ಥಿಯ ಹೆಸರು ಹನ್ನೆರಡರಲ್ಲಿತ್ತು, ಆರರಲ್ಲಿ ಬರಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಯುವತಿಯೊಬ್ಬರು ನನ್ನ ಮನೆಯನ್ನು ಹುಡುಕಿಕೊಂಡು ಬಂದರು. ತಾವೂ ಅರ್ಜಿ ಹಾಕಿದ್ದಾಗಿಯೂ, ಪ್ರಶ್ನೆ ಕೇಳಲು ಎಲ್ಲರಿಗೂ ಕರೆ ಬಂದಿತ್ತೆಂದು ಈಗ ತಿಳಿದದ್ದಾಗಿಯೂ, ತಮಗೆ ಮಾತ್ರ ಏಕೆ ಬರಲಿಲ್ಲವೆಂದು ತಿಳಿಯಬೇಕೆಂದೂ ಕೇಳಿದರು. ಮರುದಿನ ಇಬ್ಬರೂ ಕಚೇರಿಗೆ ಹೋಗಿ ಕಡತ ತೆಗೆಸಿದೆವು. ಅವರು ಬರೆದಿದ್ದ ದೂರವಾಣಿ ಸಂಖ್ಯೆಯಲ್ಲಿ ಒಂದು 7 ಇತ್ತು. ಅದನ್ನು ನಮ್ಮ ಪಟ್ಟಿಗೆ ಇಳಿಸಿಕೊಳ್ಳುವಾಗ 1 ಎಂದು ಬರೆಯಲಾಗಿತ್ತು. ಆ ಪಟ್ಟಿ ನನ್ನ ಕೈಬರಹದಲ್ಲಿತ್ತು. ವಿಳಾಸ ಅರ್ಜಿಯಲ್ಲೇ ಇತ್ತು, ನಡೆದರೆ ಕಚೇರಿಯಿಂದ ಹತ್ತು ನಿಮಿಷದ ದಾರಿ. ಯಾರನ್ನಾದರೂ ಕಳುಹಿಸಬೇಕೆಂದು ನನಗೆ ತೋಚಿರಲಿಲ್ಲ. ಅಷ್ಟು ಹೊತ್ತಿಗೆ ನಾಮನಿರ್ದೇಶನವಾಗಿ ಹೋಗಿತ್ತು. ನಾನು ತಪ್ಪನ್ನು ಒಪ್ಪಿಕೊಂಡು, ಮುಂದಿನ ಸಲ ಕರೆ ಹೋಗದವರ ಮನೆಗೆ ಪತ್ರ ತಲುಪಿಸಬೇಕೆಂದು ಮುಖ್ಯಾಧಿಕಾರಿಗಳಿಗೆ ಅಲ್ಲಿಯೇ ಕುಳಿತು ಬರೆದುಕೊಟ್ಟೆ. ಆಕೆ ಆ ಪತ್ರವನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಅರ್ಜಿಯ ಪ್ರತಿಯೊಂದನ್ನು ಕೇಳಿ ಪಡೆದು, ನನಗೆ ನಮಸ್ಕಾರ ಹೇಳಿ ಹೊರಟರು.