ಪಕ್ಕೆಲುಬಿನ ರೆಕ್ಕೆ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಪಿಯುಸಿ ಮುಗಿಸಿದ ರಜೆಯಲ್ಲಿ. ಜೇನು ಹಿಡಿಯುವ ಮಂದಣ್ಣ, ಅವನ ಕಣ್ಣನ್ನು ನಂಬಿ ಕಾಡಿಗಿಳಿಯುವ ವಿಜ್ಞಾನಿ ಕರ್ವಾಲೊ, ಜೊತೆಗೆ ನಾಯಿ ಕಿವಿ, ಇವರೆಲ್ಲ ಅಷ್ಟು ಪಾಡುಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋದಾಗ, ಅದು ಲೇಖಕರ ಕಲ್ಪನೆಯ ಪ್ರಾಣಿಯೇ ಇರಬೇಕೆಂದು ನಂಬಿಬಿಟ್ಟಿದ್ದೆ. 1980ರಲ್ಲಿ ಪ್ರಕಟವಾದ ಆ ಪುಸ್ತಕ ನನ್ನ ಕಪಾಟಿನಲ್ಲಿ ಕಾದಂಬರಿಗಳ ಸಾಲಿಗೆ ಸೇರಿತು.

ವಿಜ್ಞಾನ ಬರಹದ ರುಚಿ ಹತ್ತಿಸಿದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ತಾವೇ ಬರೆದ ಚಿತ್ರಗಳ ಸಮೇತ, ಒಂದೊಂದು ಗಿಡವನ್ನೂ ನೆಂಟರನ್ನು ಪರಿಚಯಿಸುವಂತೆ ಪರಿಚಯಿಸುತ್ತಾರೆ. ಅದನ್ನು ಓದಿದ ಮೇಲೆ ಯಾವ ಗಿಡದ ಮುಂದೆ ನಿಂತರೂ, ಎಲೆಗಳು ಎದುರುಬದುರಾಗಿವೆಯೋ ಒಂದರ ಮೇಲೊಂದು ಸರದಿಯಲ್ಲಿವೆಯೋ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಕೆಲವು ವರ್ಷಗಳ ನಂತರ ಶೃಂಗೇರಿ ಕಡೆಯ ಚಿಕ್ಕಪ್ಪನ ತೋಟದಲ್ಲಿ ನಿಂತಿದ್ದಾಗ ಅವರು ನನ್ನ ಭುಜ ಹಿಡಿದು, “ಅಲ್ಲಿ ನೋಡು, ಹಾರೋ ಓತಿ” ಎಂದರು. ಅಡಿಕೆ ಮರದ ತೊಗಟೆಯ ಬಣ್ಣವೇ ಆಗಿದ್ದುದರಿಂದ ಮೊದಲು ನನಗೇನೂ ಕಾಣಲಿಲ್ಲ. ಅದು ಗಂಟಲಿನ ಹಳದಿ ಚೀಲವನ್ನು ಒಮ್ಮೆ ಮುಂದಕ್ಕೆ ಚಾಚಿ ಮಡಚಿದಾಗಷ್ಟೇ ಕಂಡಿತು. ಆಮೇಲೆ ಜಿಗಿದು, ಮೈಯ ಎರಡೂ ಬದಿಯ ಪೊರೆಯನ್ನು ಬಿಚ್ಚಿ, ಒಂದು ಸಲವೂ ಬಡಿಯದೆ ಪಕ್ಕದ ಮರದ ಬುಡದತ್ತ ಜಾರಿಬಂದು ಅಂಟಿಕೊಂಡಿತು. ಬರುವಾಗ ಕಳೆದುಕೊಂಡ ಎತ್ತರವನ್ನು ಮತ್ತೆ ಹತ್ತಿ ಗಳಿಸತೊಡಗಿತು.

ಆ ಪೊರೆಗೆ ಆಸರೆಯಾಗಿರುವುದು ಉದ್ದವಾಗಿ ಬೆಳೆದ ಪಕ್ಕೆಲುಬುಗಳು. ಹಕ್ಕಿಯೂ ಬಾವಲಿಯೂ ಮುಂಗಾಲನ್ನು ರೆಕ್ಕೆ ಮಾಡಿಕೊಂಡರೆ, ಈ ಓತಿ ನಾಲ್ಕೂ ಕಾಲುಗಳನ್ನು ಮರ ಹತ್ತಲು ಉಳಿಸಿಕೊಂಡು, ಎದೆಗೂಡಿನ ಎಲುಬನ್ನೇ ಹೊರಚಾಚಿ ತೇಲುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಬಹುಮಟ್ಟಿಗೆ ಮೊಟ್ಟೆಯಿಡಲು ಮಾತ್ರ. ಇದನ್ನೆಲ್ಲ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಓದಿದಾಗ ಕಾದಂಬರಿಯ ಬೆರಗು ಕರಗೀತೆಂಬ ಅಳುಕು ನನಗಿತ್ತು.

ಅದು ಕರಗಲಿಲ್ಲ. ಊರಿಗೆ ಮರಳಿದ ರಾತ್ರಿಯೇ ‘ಕರ್ವಾಲೊ’ದ ಕೊನೆಯ ಪುಟಗಳನ್ನು ಮತ್ತೆ ತೆರೆದೆ. ಹಳ್ಳಿಗ ಮಂದಣ್ಣನ ಮಾತನ್ನು ಅಷ್ಟು ದೊಡ್ಡ ವಿಜ್ಞಾನಿ ಏಕೆ ನಂಬಿದರೆಂಬುದು, ಚಿಕ್ಕಪ್ಪ ತೋರಿಸಿದ ಮೇಲೂ ಓತಿಯನ್ನು ಕಾಣಲಾರದೆ ನಿಂತಿದ್ದ ನನಗೆ, ಈಗ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಓದಿನಲ್ಲಿ ಗಡಿಬಿಡಿಯಿಂದ ದಾಟಿದ್ದ ಆ ಪುಟಗಳಿಗೆ ಅಂದು ಅರ್ಧ ಗಂಟೆ ಹಿಡಿಯಿತು.