ಎಲೆಗೆ ಮೂವತ್ತು ರೂಪಾಯಿ

ನಮ್ಮ ಕಡೆ ಮದುವೆಗಳಲ್ಲಿ ಸೋದರಮಾವನಿಗೆ ಎರಡು ಕೆಲಸ. ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರುವುದು ಒಂದು. ದುಡ್ಡಿನ ಚೀಲ ಹಿಡಿದುಕೊಂಡು ಓಡಾಡುವುದು ಇನ್ನೊಂದು. ಮೊದಲನೆಯದಕ್ಕೆ ಫೋಟೋ ತೆಗೆಯುತ್ತಾರೆ. ಎರಡನೆಯದಕ್ಕೆ ಬೈಸಿಕೊಳ್ಳಬೇಕು, ಅಷ್ಟೆ.

ಹೋದ ಫೆಬ್ರವರಿಯಲ್ಲಿ ಅಕ್ಕನ ಮಗಳ ಮದುವೆ ಬನಶಂಕರಿ ಕಡೆಯ ಒಂದು ಛತ್ರದಲ್ಲಿ ನಡೆಯಿತು. ಮುಹೂರ್ತ ಮುಗಿದು ಎರಡನೇ ಪಂಕ್ತಿ ಏಳುವ ಹೊತ್ತಿಗೆ ಭಾವ ನನ್ನ ಕೈಗೆ ಹತ್ತು ಸಾವಿರದ ಒಂದು ಕವರ್ ಕೊಟ್ಟು, "ಅಡುಗೆಯವರ ಖುಷಿ ನೀನೇ ನೋಡ್ಕೊಳಪ್ಪ" ಅಂದರು. ವಾಲಗದವರು, ಪುರೋಹಿತರು, ಮಂಟಪ ಕಟ್ಟಿದವರು, ಎಲ್ಲರದ್ದೂ ಮೊದಲೇ ಮಾತಾಗಿತ್ತು. ಅಡುಗೆಯದ್ದೂ ಆಗಿತ್ತು. ಎಲೆಗೆ 420 ರೂಪಾಯಿ, ಲೆಕ್ಕಕ್ಕೆ 600 ಎಲೆ. ಆದರೆ ಮುಂಗಡ ಇಸಿದುಕೊಳ್ಳುವಾಗ ಕಂಟ್ರಾಕ್ಟರ್ ಇನ್ನೊಂದು ಮಾತು ಸೇರಿಸಿದ್ದರು. "ಹುಡುಗರಿಗೆ ಏನಾದ್ರೂ ನೀವೇ ಕೊಟ್ಬಿಡಿ ಸಾರ್. ಅದು ನಮ್ಮ ಲೆಕ್ಕದಲ್ಲಿ ಬರಲ್ಲ."

ಕವರ್ ನೋಡಿದ ಕೂಡಲೇ ಬಡಿಸುವವರ ಸೂಪರ್‌ವೈಸರ್ ಹತ್ತಿರ ಬಂದ. "ನನ್ನ ಕೈಗೆ ಕೊಡಿ ಸಾರ್, ಎಲ್ಲರಿಗೂ ಹಂಚ್ತೀನಿ." ಅವನ ಹಿಂದೆ ಪಲ್ಯದ ಬಕೆಟ್ ಹಿಡಿದಿದ್ದ ಹುಡುಗ ತಲೆ ಸಣ್ಣಗೆ ಅಡ್ಡ ಆಡಿಸಿದ. ಆಮೇಲೆ ಕೈ ತೊಳೆಯುವ ಜಾಗದಲ್ಲಿ ಸಿಕ್ಕಿದ ಅವನನ್ನು ವಿಚಾರಿಸಿದೆ. ಬಿ.ಕಾಂ. ಓದುವ ಹುಡುಗ, ರಜೆ ಸಿಕ್ಕಾಗ ಕ್ಯಾಟರಿಂಗ್‌ಗೆ ಬರುತ್ತಾನೆ. ಬೆಳಗ್ಗೆ ಐದಕ್ಕೆ ಬಂದು ಸಂಜೆ ನಾಲ್ಕಕ್ಕೆ ಬಿಟ್ಟರೆ 700 ರೂಪಾಯಿ. ಬಿಳಿ ಶರಟು, ಕಪ್ಪು ಪ್ಯಾಂಟು ಅವನದೇ. "ಜಾಸ್ತಿ ಕೇಳಿದ್ರೆ, ಟಿಪ್ಸ್ ಬರುತ್ತಲ್ಲೋ ಅಂತಾರೆ ಅಂಕಲ್. ಬರದಿದ್ರೆ ಅದು ನಮ್ಮ ಗ್ರಹಚಾರ."

ಹಾಗಾಗಿ ನಾನೇ ಹಂಚಲು ಹೊರಟೆ. ಪಕ್ಕದಲ್ಲಿ ದೊಡ್ಡಪ್ಪನ ಮಗನೂ ಬಂದ. ಅವನಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ. ಅಲ್ಲಿ ಹೋಟೆಲಿಗೆ ಹೋದರೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಟಿಪ್ಸ್ ಇಟ್ಟು ಬರುವ ಮನುಷ್ಯ, ಇಲ್ಲಿ ಆಟೋದವನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾನೆ. ಹುಡುಗನ ಮಾತು ಕೇಳಿ ಅವನು ನಕ್ಕ. "ನಮ್ಮಲ್ಲಿ ಇದನ್ನೇ ಕಾನೂನು ಮಾಡಿಟ್ಟಿದ್ದಾರೆ" ಅಂದ. ಟೆಕ್ಸಾಸ್‌ನಲ್ಲಿ ಊಟ ಬಡಿಸುವವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕಂತೆ. 1991ರಿಂದ ಆ ಅಂಕಿ ಅಲುಗಾಡಿಲ್ಲ. ಟಿಪ್ಸ್ ಸೇರಿಸಿಯೂ ಗಂಟೆಯ ಕನಿಷ್ಠ ಸಂಬಳ 7.25 ಡಾಲರ್ ಆಗದಿದ್ದರೆ ಮಾತ್ರ ಉಳಿದದ್ದನ್ನು ಅವನು ತುಂಬಿಕೊಡಬೇಕು. ಅಂದರೆ ಗಿರಾಕಿ ಮೇಜಿನ ಮೇಲಿಟ್ಟ ದುಡ್ಡಿನ ಒಂದು ಪಾಲು, ಮಾಲೀಕ ಕೊಡಬೇಕಾದ ಸಂಬಳಕ್ಕೇ ವಜಾ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಅಲ್ಲಿ ಮಾಲೀಕ ಪೂರ್ತಿ ಕನಿಷ್ಠ ಸಂಬಳ ಕೊಡಲೇಬೇಕು, ಟಿಪ್ಸ್ ಅದರ ಮೇಲೆ.

ಅಡುಗೆಮನೆಯ ಹಿಂದೆ ಒಂದು ಓಣಿ. ಅಲ್ಲಿ ಐದು ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಸಾರಿನ ಕೊಳಗವನ್ನು ಅಡ್ಡ ಮಲಗಿಸಿ, ಒಬ್ಬಾಕೆ ಅದರೊಳಗೆ ಸೊಂಟದವರೆಗೂ ತೂರಿಕೊಂಡು ತಳ ಉಜ್ಜುತ್ತಿದ್ದಳು. ಮಾತಾಡಿದರೆ ಧ್ವನಿ ಕೊಳಗದೊಳಗಿಂದ ಗುಂಯ್ ಅಂತ ಬರುತ್ತಿತ್ತು. ಹೊರಗೆ ಬಂದಾಗ ನೋಡಿದೆ. ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು, ಉಗುರಿನ ಸಂದಿಯಲ್ಲಿ ಸಬೀನಾ ಪುಡಿ. ಆನೇಕಲ್ ಕಡೆಯವಳು. ಹಿಂದಿನ ದಿನ ಮಧ್ಯಾಹ್ನ ಬಂದವಳು, ರಾತ್ರಿ ತರಕಾರಿ ಮೂಟೆಗಳ ಪಕ್ಕ ಒಂದಿಷ್ಟು ಹೊತ್ತು ಅಡ್ಡಾಗಿದ್ದಳು.

"ಕೂಲಿ ಎಷ್ಟಮ್ಮ?"

"ಆರ್ನೂರು ಕಣಣ್ಣ. ಮೊದ್ಲು ಬಸ್ ಚಾರ್ಜು ಅಂತ ಬೇರೆ ಐವತ್ತು ಕೊಡೋರು. ನಮಗೆ ಬಸ್ ಫ್ರೀ ಆಯ್ತಲ್ಲ, ನಿಲ್ಲಿಸಿಬಿಟ್ರು."

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಗಿತ್ತು. ಬಿಟ್ಟಿ ಕೊಟ್ಟು ಹಾಳು ಮಾಡುತ್ತಾರೆ ಅಂತ ಒಬ್ಬರು, ಹೆಂಗಸರ ಕೈಗೆ ನಾಲ್ಕು ಕಾಸು ಉಳಿಯುತ್ತೆ ಅಂತ ಇನ್ನೊಬ್ಬರು. ಆ ನಾಲ್ಕು ಕಾಸು ಕಂಟ್ರಾಕ್ಟರ್ ಜೇಬಿಗೆ ಹೋಗಬಹುದು ಅಂತ ಯಾರೂ ಅಂದಿರಲಿಲ್ಲ. ಸರ್ಕಾರ ಕೊಟ್ಟರೆ ಬಸ್ ಚಾರ್ಜಿನಲ್ಲಿ ಕಟ್, ಮದುವೆ ಮನೆಯವರು ಕೊಟ್ಟರೆ ಕೂಲಿಯಲ್ಲಿ ಕಟ್. ಕೊಟ್ಟವರಿಗೆ ಪುಣ್ಯ, ಉಳಿತಾಯ ಮಾತ್ರ ಕಂಟ್ರಾಕ್ಟರದು.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸಂಬಳದ ಲೆಕ್ಕ ನೋಡಿದವನು ನಾನು. ತಲೆಯಲ್ಲಿ ಹಳೇ ಪಾಠ ಓಡತೊಡಗಿತು. ಕನಿಷ್ಠ ಕೂಲಿ ಹೇಗೆ ಲೆಕ್ಕ ಹಾಕಬೇಕು ಅಂತ 1957ರಲ್ಲೇ, ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿದೆ. ದುಡಿಯುವ ಒಬ್ಬರ ಮೇಲೆ ಮೂರು ಜನರ ಊಟ, ತಲೆಗೆ 2,700 ಕ್ಯಾಲೊರಿ. ಒಬ್ಬರಿಗೆ ವರ್ಷಕ್ಕೆ 18 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಚಿಲ್ಲರೆ ಖರ್ಚಿಗೆ ನೂರಕ್ಕೆ ಇಪ್ಪತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಸುಪ್ರೀಂ ಕೋರ್ಟ್, ಇಷ್ಟೇ ಸಾಲದು, ಇನ್ನೂ ನೂರಕ್ಕೆ ಇಪ್ಪತ್ತೈದು ಬೇಕು ಅಂತು. ಯಾವುದಕ್ಕೆ? ಮಕ್ಕಳ ಓದು, ಔಷಧಿ, ಹಬ್ಬ ಹರಿದಿನ, ಮುಪ್ಪು, ಮತ್ತೆ ಮದುವೆ. ನಿಜವಾಗಿ ಮದುವೆಯೂ ಆ ಪಟ್ಟಿಯಲ್ಲಿದೆ. ಈಕೆಗೆ ಇಬ್ಬರು ಹೆಣ್ಣುಮಕ್ಕಳಂತೆ.

ನನ್ನ ಲೆಕ್ಕ ಹೀಗಾಯಿತು. ಬಡಿಸುವ ಇಪ್ಪತ್ತು ಜನಕ್ಕೆ ತಲಾ ಇನ್ನೂರು. ಅಡುಗೆಯ ಐವರಿಗೆ ತಲಾ ನಾನೂರು. ಪಾತ್ರೆಯವರಿಗೆ ತಲಾ ಎಂಟುನೂರು. ಕವರ್ ಖಾಲಿ. ಸೂಪರ್‌ವೈಸರ್ ಮುಖ ದಪ್ಪ ಮಾಡಿಕೊಂಡ. "ಹಿಂದಿನವರಿಗೆ ಯಾರೂ ಕೊಡಲ್ಲ ಸಾರ್" ಅಂದ. ಅದೇನೋ ಸರಿ. ಹೋಳಿಗೆಗೆ ತುಪ್ಪ ಹಾಕಲು ಬಂದವನ ಮುಖ ಎಲ್ಲರಿಗೂ ಕಾಣುತ್ತದೆ. ಹಿಂದಿನ ಓಣಿಗೆ ಯಾವ ನೆಂಟರೂ ಹೋಗುವುದಿಲ್ಲ.

ಸಂಜೆ ಬಾಕಿ ಲೆಕ್ಕ ತೀರಿಸಲು ಕೂತೆವು. ಭಾವನಿಗೆ ನಾನು ಓಣಿಯಲ್ಲಿ ಕೊಟ್ಟದ್ದು ಅಷ್ಟಾಗಿ ಹಿಡಿಸಿರಲಿಲ್ಲ. "ಸರ್ವಿಸ್ ಚಾರ್ಜ್ ಬಲವಂತ ಇಲ್ಲ ಅಂತ 2025ರಲ್ಲಿ ದೆಹಲಿ ಹೈಕೋರ್ಟೇ ಹೇಳಿದೆಯಲ್ಲಯ್ಯಾ" ಅಂದರು. ಅದು ಹೋಟೆಲ್ ಬಿಲ್ಲಿಗೆ ತಾನಾಗೇ ಸೇರಿಸುವ ಚಾರ್ಜಿನ ಮಾತು, ನಮಗೆ ಸಂಬಂಧವಿಲ್ಲ ಅಂದೆ. ಕಂಟ್ರಾಕ್ಟರ್‌ಗೆ ಮಾತ್ರ ಬಿಡಿಸಿ ಹೇಳಿದೆ. ಮೂವತ್ತು ಜನಕ್ಕೆ ತಲಾ ಆರ್ನೂರು ಜಾಸ್ತಿ ಕೊಟ್ಟರೆ ಹದಿನೆಂಟು ಸಾವಿರ. 600 ಎಲೆಗೆ ಹಂಚಿದರೆ ಎಲೆಗೆ ಮೂವತ್ತು ರೂಪಾಯಿ. ಅದನ್ನು ರೇಟಿನಲ್ಲೇ ಹಾಕಿ, ಅವರ ಕೂಲಿಗೆ ಕೊಡಿ, ಈ ಕವರ್ ಸಹವಾಸವೇ ಬೇಡ.

ಅವರು ಸಿಟ್ಟಾಗಲಿಲ್ಲ. "ಸಾರ್, ನಾನು ಮೊದಲು 450 ಅಂದಿದ್ರೆ ನೀವು ಪಕ್ಕದವನ ಹತ್ರ ಹೋಗ್ತಿದ್ರಿ, ಅಲ್ವಾ?" ಅಂದರು. ಭಾವ ಆ ಕಡೆ ತಿರುಗಿ ಕುರ್ಚಿ ಎಣಿಸತೊಡಗಿದರು. ಕಂಟ್ರಾಕ್ಟರ್ ಮಾತಿನಲ್ಲೂ ಹುರುಳಿದೆ. ಎಲೆಯ ರೇಟು ಕೇಳಿ ಅಳೆಯುವವರು ನಾವು, ಕೂಲಿ ಎಷ್ಟು ಅಂತ ಕೇಳಿದ ಒಬ್ಬ ಬೀಗರನ್ನೂ ನಾನು ಕಂಡಿಲ್ಲ. ಹಾಗಂತ ಆ ಐವತ್ತು ರೂಪಾಯಿ ಬಸ್ ಚಾರ್ಜ್ ಹಿಡಿದುಕೊಂಡದ್ದು ನಮ್ಮ ತಪ್ಪಲ್ಲ. ಅದನ್ನೂ ಕೇಳಿದೆ. ಫೋನ್ ಬಂತು ಅಂತ ಎದ್ದು ಹೋದರು.

ಈಗ ಮೇ ತಿಂಗಳಲ್ಲಿ ಅಕ್ಕನ ಮಗನ ಉಪನಯನ. ಅಡುಗೆಯವರನ್ನು ಗೊತ್ತು ಮಾಡುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಯಾರಿಗೆ ಎಷ್ಟು ಕೂಲಿ ಅಂತ ಕಾಗದದಲ್ಲಿ ಬರೆದುಕೊಡಿ ಅಂದರೆ ಕೆಲವರು ನಕ್ಕರು. ಚಾಮರಾಜಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಮಾತ್ರ ಬರೆದುಕೊಟ್ಟರು. ಬಡಿಸುವವರಿಗೆ 1,200, ಪಾತ್ರೆಯವರಿಗೂ 1,200, ಹೋಗಿ ಬರುವ ಖರ್ಚು ಬೇರೆ. ಎಲೆಗೆ 455. ಭಾವನ ಬಜೆಟ್ಟು 420ರಿಂದ ಕದಲುತ್ತಿಲ್ಲ. ಎರಡನೇ ಸಿಹಿ ತೆಗೆದರೆ ಸರಿಹೋಗುತ್ತೆ ಅಂದೆ. ಬೀಗರು ಮೊದಲ ಸಲ ಬರುತ್ತಿದ್ದಾರೆ, ಎರಡು ಸಿಹಿ ಇರಲೇಬೇಕು, ಬೇಕಾದರೆ ಐಸ್‌ಕ್ರೀಂ ತೆಗಿ ಅಂದಳು ಅಕ್ಕ. ಐಸ್‌ಕ್ರೀಂ ತೆಗೆದರೆ ಇಪ್ಪತ್ತೈದು ಇಳಿಯುತ್ತದೆ. ಇನ್ನು ಹತ್ತು ರೂಪಾಯಿಯ ಮಾತು ಈ ಭಾನುವಾರ ತೀರ್ಮಾನ ಆಗಬೇಕು. ನನ್ನ ಕಣ್ಣು ಬೀಡಾ ಸ್ಟಾಲ್ ಮೇಲಿದೆ.