ಸಾಕ್ಷಿಯ ಬಾಯಲ್ಲಿ ಒಂದು ‘ಅಂತೆ’

ತೀರ್ಥಹಳ್ಳಿ ಕಡೆಯ ಅಡಿಕೆ ಗೊನೆ ಕಳವಿನ ಕೇಸು ಅಂದುಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಯಾವುದೋ ಕೋರ್ಟು. ಪ್ರಾಸಾಕ್ಷಿ 2 (ಪ್ರಾಸಿಕ್ಯೂಷನ್ ಪರದ ಎರಡನೇ ಸಾಕ್ಷಿ) ಕಟಕಟೆಯಲ್ಲಿ ನಿಂತು ‘ರಾತ್ರಿ ಇವ್ನೇ ಗೊನೆ ಇಳ್ಸಿದ್ನಂತೆ’ ಅಂದರೆ, ಸರ್ಕಾರಿ ಅಭಿಯೋಜಕರ ಕಿವಿ ಆ ‘ಅಂತೆ’ಯ ಮೇಲೆ ನಿಲ್ಲಬೇಕು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೇ ಕಲಂ (ಹಳೆಯ ಕಾಯ್ದೆಯಲ್ಲಿ 60) ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಂಡದ್ದನ್ನು ಕಂಡವರೇ ಹೇಳಬೇಕು.

ಉಜ್ಬೆಕ್ ಭಾಷೆಯಲ್ಲೂ ಇಂಥದ್ದೊಂದು ಉಂಟು. ‘ಕೆಲ್ದಿ’ ಅಂದರೆ ಬಂದ; ‘ಕೆಲಿಬ್ದಿ’ ಅಂದರೆ ಬಂದನಂತೆ, ಬಂದದ್ದು ಆಮೇಲೆ ಗೊತ್ತಾಯ್ತು. ಇಂಗ್ಲಿಷಿನ ‘ಕೇಮ್’ಗೆ ಆ ಬಾಲವೇ ಇಲ್ಲ, ಯಾರು ಹೇಳಿದರು ಅನ್ನುವುದಕ್ಕೆ ಬೇರೆ ಮಾತು ಸೇರಿಸಬೇಕು. ಮೇಲ್ಮನವಿಗಾಗಿ ಭಾಷಾಂತರ ಮಾಡುವಾಗ ‘ಅಂತೆ’ ಉದುರಿಹೋಗುವ ಅಪಾಯ ಇರುವುದು ಅದಕ್ಕೇ.

ಆದರೆ ಅದು ಬಹಳ ಸಲ ಠಾಣೆಯಲ್ಲೇ ಉದುರಿರುತ್ತದೆ. ಪೊಲೀಸರ ಹೇಳಿಕೆಯಲ್ಲಿ ‘ಸದರಿ ಆರೋಪಿಯು ಗೊನೆ ಇಳಿಸಿರುತ್ತಾನೆ’ ಅಂತ ಗಟ್ಟಿಯಾಗಿ ಇರುತ್ತದೆ. ಕೋರ್ಟಿನಲ್ಲಿ ‘ಅಂತೆ’ ಕೇಳಿದ ಕೂಡಲೇ ಪ್ರತಿಕೂಲ ಸಾಕ್ಷಿ (ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ) ಅಂತ ಪಾಟಿ ಸವಾಲಿಗೆ ಅನುಮತಿ ಕೇಳುವುದು ದುಡುಕು. ನೆರೆಯವನ ಮೇಲೆ ನೇರ ಬೊಟ್ಟು ಮಾಡಲು ಮುಜುಗರಪಟ್ಟು, ಕಣ್ಣಾರೆ ಕಂಡವರೂ ಒಂದು ‘ಅಂತೆ’ ಸೇರಿಸುವುದುಂಟು.

‘ನೀವೇ ನೋಡಿದ್ದು ತಾನೇ?’ ಅಂದರೆ ಅದು ಸೂಚಕ ಪ್ರಶ್ನೆ, ಉತ್ತರವನ್ನು ತಾನೇ ಬಾಯಿಗಿಡುವಂಥದ್ದು; ಮುಖ್ಯ ವಿಚಾರಣೆಯಲ್ಲಿ, ಅಂದರೆ ಕರೆಸಿದವರೇ ಮೊದಲು ಕೇಳುವಾಗ, ಅದೇ ಅಧಿನಿಯಮದ 146ನೇ ಕಲಮಿನ ಆಕ್ಷೇಪ ಬರುತ್ತದೆ. ‘ಆಗ ಎಲ್ಲಿದ್ರಿ?’, ‘ಏನು ಕಂಡ್ರಿ?’, ‘ಇದು ನಿಮಗೆ ಹೇಗೆ ಗೊತ್ತಾಯ್ತು?’ ಇಷ್ಟು ಸಾಕು. ಕೊನೆಯದಕ್ಕೆ ‘ತೋಟದ ಆಳು ಹೇಳಿದ’ ಅಂತ ಬಂತೋ, ಸಾಕ್ಷಿ ಪಟ್ಟಿಯಲ್ಲಿ ಆ ಆಳಿದ್ದಾನೋ ನೋಡಿ; ಇಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 348ರಡಿ ಕರೆಸಲು ಅರ್ಜಿ. ಕಳವು ನಡೆಯುತ್ತಿದ್ದಾಗಲೇ ಆತ ಹೆಸರು ಹಿಡಿದು ಕೂಗಿದ್ದರೆ, ಆ ಕೂಗನ್ನು ಕೇಳಿದವರೂ ಹೇಳಬಹುದು; ಸಾಕ್ಷ್ಯ ಅಧಿನಿಯಮದ 4ನೇ ಕಲಂ ಇರುವುದು ಅಂಥದ್ದಕ್ಕೆ.

ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸುವಾಗಲೂ ಗಮನ ಅಲ್ಲೇ ಇರಲಿ. ‘ಇಳ್ಸಿದ್ನಂತೆ’ ಅನ್ನುವುದು ‘ಇಳಿಸಿದನು’ ಆಗಿಬಿಟ್ಟರೆ ಲಾಭವಲ್ಲ. ಪಾಟಿ ಸವಾಲಿನಲ್ಲಿ ‘ನೀವು ನೋಡಿಲ್ಲ ಅಲ್ವಾ?’ ಅಂತ ಬರುತ್ತದೆ, ಸಾಕ್ಷಿ ‘ಹೌದು’ ಅನ್ನುತ್ತಾರೆ, ಅಲ್ಲಿಗೆ ಪೂರ್ತಿ ಸಾಕ್ಷ್ಯ ಕುಸಿಯುತ್ತದೆ. ಆ ‘ಹೌದು’ ಕೂಡ ಎಡವಟ್ಟೇ: ಹೌದು ನೋಡಿಲ್ಲ ಅಂತಲೋ, ಹೌದು ನೋಡಿದೀನಿ ಅಂತಲೋ? ಟೈಪಾಗುವುದು ‘ನಾನು ನೋಡಿಲ್ಲ ಎಂದರೆ ಸರಿ’ ಅಂತ. ಅನುಮಾನವಿದ್ದರೆ ಆಗಲೇ ಎದ್ದು, ಪೂರ್ತಿ ವಾಕ್ಯದಲ್ಲಿ ಉತ್ತರ ಬರಲಿ ಅಂತ ಕೇಳಬೇಕು. ತಪ್ಪಿದರೆ ಉಳಿಯುವುದು ಪಾಟಿ ಸವಾಲಿನ ನಂತರ ಅದೇ ಸಾಕ್ಷಿಯನ್ನು ಮತ್ತೆ ಕೇಳುವ ಮರುವಿಚಾರಣೆ, ಇಲ್ಲವೇ ಹೇಳಿಕೆ ಓದಿ ಹೇಳುವ ಹೊತ್ತು. ‘ಓ.ಹೇ.ಕೇ. ಸರಿ ಇದೆ’ (ಓದಿ ಹೇಳಿ ಕೇಳಲಾಗಿ ಸರಿ ಇದೆ) ಅಂತ ಬಿದ್ದ ಮೇಲೆ ತಿದ್ದುವುದು ಬಲು ಕಷ್ಟ.